ಮೋರಿ ನೀರು ಯಾರದು?

೧೯೯೮ರ ಬೇಸಗೆ. ಮೂಡಿಗೆರೆಯಲ್ಲಿ ವಾರ್ಡ್ ಮೆಂಬರ್ ಮನೆ ಜಗಲಿಯಲ್ಲಿ ಕಾಯುತ್ತಿದ್ದೆ. ಪಕ್ಕದಲ್ಲಿ ಮೇಲಿನ ಬೀದಿಯ ರುದ್ರಾಣಮ್ಮ. ಅವರ ಪಕ್ಕ ತನುಜಾ, ಕೆಳಗೆ ಕಾಫಿ ತೋಟ ತೆಗೆದು ಮಾಡಿದ ಹೊಸ ಲೇಔಟಿನವಳು.

ರುದ್ರಾಣಮ್ಮನೇ ಶುರು ಮಾಡಿದರು.

“ನಿಮ್ಮ ಲೇಔಟ್ ಆದ್ಮೇಲೆ ನಮ್ಮ ನಲ್ಲೀಲಿ ಬರೀ ಗಾಳಿ. ದೂರು ಹೇಳೋಕೇ ಬಂದೆ.”

“ನಾನೂ ದೂರಿಗೇ ಬಂದಿದ್ದು ಅಕ್ಕ. ನಿಮ್ಮ ಬೀದಿ ಮೋರಿ ನೀರೆಲ್ಲ ನಮ್ಮ ಅಂಗಳಕ್ಕೇ ಇಳೀತದೆ.”

“ನಲ್ಲೀಲೇ ನೀರಿಲ್ಲ, ಮೋರೀಲಿ ಎಲ್ಲಿಂದ ಬರ್ಬೇಕು ಮಾರಾಯ್ತಿ?”

“ದಿನಾ ನಮ್ಮನೆ ನಲ್ಲಿಯಿಂದ ಕೊಡ ತುಂಬಿಸ್ಕೊಂಡು ಹೋಗ್ತೀರಲ್ಲ, ಅದೇ!”

ರುದ್ರಾಣಮ್ಮ ನಕ್ಕ ರಭಸಕ್ಕೆ ಬೆಂಚು ಅಲುಗಿತು.

“ನಿಮ್ಮ ನೀರು ನಿಮಗೇ ವಾಪಸ್ ಕೊಟ್ಟಂಗಾಯ್ತಲ್ಲ!”

“ಪಾತ್ರೆ ತೊಳೆದ ನೀರು ಕೊಡ್ತೀರಲ್ಲ ಅಕ್ಕ!”

“ಯಾರು ಮೊದಲು?” ಮೆಂಬರ್ ಒಳಗಿಂದ ಕೂಗಿದರು.

“ಏಳು ಮಾರಾಯ್ತಿ, ಇಬ್ರೂ ಸೇರಿ ಇವರನ್ನೇ ಬೈಯೋಣ.”

ಕೈ ಹಿಡಿದುಕೊಂಡೇ ಒಳಗೆ ಹೋದರು. ಸರದಿ ನನ್ನದಿತ್ತು, ಖುಷಿಯಾಗಿ ಬಿಟ್ಟುಕೊಟ್ಟೆ.