ಹಳೇ ಜಡ್ಜಿಗೇ ವೋಟು

...ಇಲ್ಲ ರೀ, ಆ ಹೆಸರು ಒತ್ತಲಿಲ್ಲ. ನೀವು ಹೇಳಿದ್ರಲ್ಲ, ಆ ಹೊಸಬರದ್ದು. ಈಗಿರೋ ಹಳೇ ಜಡ್ಜ್ ಹೆಸರನ್ನೇ ಒತ್ತಿ ಬಂದೆ... ಯಾಕೆ ಹಾಗೆ ನೋಡ್ತೀರಿ? ಕಾರ್ ಆಫ್ ಮಾಡಬೇಡಿ, ಸೆಖೆ.

ತಪ್ಪಿ ಒತ್ತಿದ್ದಲ್ಲ. ಸ್ಕ್ರೀನು ಇನ್ನೊಂದು ಸಲ ಕೇಳ್ತು, ಇದೇನಾ ಅಂತ. ಇದೇ ಅಂದೆ. ಅಮೆರಿಕದ ಸಿಟಿಜನ್ ಆದ್ಮೇಲೆ ನನ್ನ ಮೊದಲ್ನೇ ವೋಟು... ಗೊತ್ತು. ನಾಲ್ಕು ತಿಂಗಳು ಸುವಾನಿ, ಜಾನ್ಸ್ ಕ್ರೀಕ್ ಅಂತ ಊರೂರು ಸುತ್ತಿ, ನಮ್ಮವರ ಮನೆಮನೇಲಿ ಕೂತು ಬಿಡಿಸಿ ಹೇಳಿದ್ರಿ. ಈ ಜಾರ್ಜಿಯಾ ರಾಜ್ಯದಲ್ಲಿ ಜಡ್ಜ್‌ಗಳನ್ನ ಆರಿಸೋದು ನಾವೇ, ರಾಜ್ಯದ ಸುಪ್ರೀಂ ಕೋರ್ಟಲ್ಲಿ ಒಂಬತ್ತು ಜನ, ಅದರ ಕೆಳಗೆ ಅಪೀಲ್ ಕೋರ್ಟಲ್ಲಿ ಹದಿನೈದು, ಆರು ವರ್ಷಕ್ಕೊಂದು ಸಲ ವೋಟು, ಪಾರ್ಟಿ ಹೆಸರೂ ಇರಲ್ಲ, ಜನ ಓದದೇ ಹಳಬರನ್ನೇ ಒತ್ತಿಬಿಡ್ತಾರೆ ಅಂತ. ಪಕ್ಕದ್ಮನೆ ವಸಂತಾ ಆಂಟಿ ಕೂಡ ಹೊಸಬರ ಹೆಸರು ಚೀಟಿಯಲ್ಲಿ ಬರ್ಕೊಂಡ್ರು.

ತಲೆ ಯಾಕೆ ಆಡಿಸ್ತೀರಿ? ಹೇಳೋದು ಕೇಳಿ.

ಮೊದಲು ಕೆಳಗಿನ ಕೌಂಟಿ ಕೋರ್ಟಲ್ಲಿ ನಾವು ಗೆದ್ದಿದ್ವಿ. ಅಪಾರ್ಟ್‌ಮೆಂಟಿನ ಹಿಂದಿನ ಮೆಟ್ಟಿಲಲ್ಲಿ ಅತ್ತೆ ಬಿದ್ದು ತೀರ್ಕೊಂಡ್ರು, ರೇಲಿಂಗ್ ಮುರಿದಿತ್ತು, ತಪ್ಪು ಅಪಾರ್ಟ್‌ಮೆಂಟಿನವರದ್ದು ಅಂತ ಜ್ಯೂರಿ ಹೇಳ್ತು. ಅವರು ಅಪೀಲ್ ಹೋದ್ರು. ಮೂರು ಜಡ್ಜ್ ಕೂತ್ರು, ತೀರ್ಪು ಬರೆದದ್ದು ಈ ಹಳೇ ಜಡ್ಜೇ. ನಮ್ಮ ಬಾಗಿಲಿಗೆ ಮೊದಲೇ ನೋಟಿಸ್ ಅಂಟಿಸಿದ್ರು, ಮನೆಯವರಿಗೆ ಗೊತ್ತಿತ್ತು ಅಂತ. ಸೋತ್ವಿ. ಸುಪ್ರೀಂ ಕೋರ್ಟು ಕೇಸ್ ತಗೊಳ್ಳಲೇ ಇಲ್ಲ. ತೀರ್ಪಿನ ಆ ಪೇಜನ್ನ ಟೇಬಲ್ ಮೇಲಿಟ್ಟು ನೀವು ಸುಳ್ಳು, ಸುಳ್ಳು ಅಂತಿದ್ರಿ. ನಾನು ಚಪಾತಿ ಲಟ್ಟಿಸ್ತಾನೇ ಇದ್ದೆ.

ಸುಳ್ಳಲ್ಲ ರೀ.

ಇತ್ತು ನೋಟಿಸು. ಹಳದಿ ಹಾಳೆ. ಹಿಂದಿನ ಮೆಟ್ಟಿಲು ಬಳಸಬೇಡಿ ಅಂತ. ಮರುದಿನ ಯುಗಾದಿ, ತೋರಣ ಕಟ್ಟಬೇಕಿತ್ತು, ಕಿತ್ತುಬಿಟ್ಟೆ. ಅತ್ತೆಗೆ ಆಮೇಲೆ ಹೇಳೋಣ ಅಂದ್ಕೊಂಡೆ... ಮರೆತೆ. ಬೆಳಗ್ಗೆ ಅವರು ವಾಕಿಂಗ್ ಹೊರಟ್ರು. ಅಷ್ಟೇ. ಕೋರ್ಟಲ್ಲಿ ಕೈ ಎತ್ತಿ ಪ್ರಮಾಣ ಮಾಡಿ, ನೋಟಿಸ್ ನೋಡೇ ಇಲ್ಲ ಅಂದೆ. ಆಗ ಅಳು ಬರಲಿಲ್ಲ. ಈಗಲೂ ಬರ್ತಿಲ್ಲ, ನೋಡಿ. ನಿಜ ಬರೆದವರು ಆ ಜಡ್ಜ್. ಅವರನ್ನ ನನ್ನ ಕೈಯಾರೆ ಹೇಗೆ ಇಳಿಸ್ಲಿ?

ಬೈರಿ. ಬೈದುಬಿಡಿ...

ಏನಾದ್ರೂ ಕೇಳಿ. ಆ ಹಾಳೆ ಏನು ಮಾಡಿದೆ ಅಂತಾನಾದ್ರೂ ಕೇಳಿ. ಅಡುಗೆಮನೆ ಟ್ರ್ಯಾಶ್ ಡಬ್ಬಿಗೆ ಹಾಕಿದೆ, ಮೇಲೇ ಇತ್ತು. ಆವತ್ತು ರಾತ್ರಿ ಟ್ರ್ಯಾಶ್ ಹೊರಗೆ ಒಯ್ದಿದ್ದು... ನೀವು.

ರೀ, ಈ ಕಡೆ ತಿರುಗಿ.

ಆಶ್ಚರ್ಯಾನೇ ಆಗ್ಲಿಲ್ಲ ನಿಮಗೆ.

ಆವತ್ತೇ ಓದಿದ್ರಾ ಅದನ್ನ?