ಎತ್ತರನೂ ಒಂದು ವೇರಿಯೇಬಲ್

ಏಳಬ್ಯಾಡ, ಏಳಬ್ಯಾಡ ಅಪ್ಪಾ! ಕೂಡು. ಇನ್ನ ನಾಕ ಪ್ರಶ್ನಿ ಅಷ್ಟ. ಆ ಪೇಪರ್ ಇಲ್ಲಿ ಕೊಡು... ಸಂಡೇ ಪೇಪರ್ ಸಂಜೀತನಕ ಓದಬಹುದು, ಅದೇನ್ ಹಳಸೂದಿಲ್ಲ. ಅವ್ವ ಕಾಚಿಗೂಡ ಸ್ಟೇಷನ್ನಿಂದ ಬರೂದ್ರೊಳಗ ಇದು ಮುಗೀಬೇಕು ನೋಡು.

ಯಾಕಂತ ಏನ್ ಕೇಳ್ತಿ? ಹುಡುಗನ ಕಡಿಯವರನ್ನ ಕರ್ಕೊಂಡು ಬರತಾಳ. ಅವರು ಬಂದ್ರು ಅಂದ್ರ ಮುಗೀತು! ಸೀರಿ ಉಡಬೇಕು, ಉಪ್ಪಿಟ್ಟಿನ ಪ್ಲೇಟ್ ಹಿಡ್ಕೊಂಡು ಬರಬೇಕು, ತಲಿ ತಗ್ಗಿಸಿ ಕುಂದರಬೇಕು. ಅದರ ನಡುವ ಸರ್ವೇ ಎಲ್ಲಿಂದ ಮಾಡ್ಲಿ? ನಮ್ಮ ಗೈಡ್ ಮೇಡಂ ನಾಳೆ ಮುಂಜಾನೆನ ಕೇಳ್ತಾರ. ಎಂ.ಎ. ಸೋಶಿಯಾಲಜಿ ಅಂದ್ರ ಬರೇ ಭಾಷಣ ಅಂತ ತಿಳ್ಕೊಂಡೀಯೇನು? ಈಗ ಎಲ್ಲಾ ಅಂಕಿ-ಸಂಖ್ಯೆ! ಮನುಷ್ಯಾನ ಮನಸ್ಸನ್ನೂ ಅಳೀತೀವಿ ನಾವು. ನೀ ಫ್ಯಾಕ್ಟರ್‍ಯಾಗ ನಟ್ಟು ಬೋಲ್ಟು ಅಳದು ಪಾಸ್ ಮಾಡ್ತಿ, ನಾ ಮಂದೀನ ಅಳೀತೀನಿ. ಮಗಳು ನಿನ್ನ ಕೆಲಸಾನ ಹಿಡದಾಳ, ಖುಷಿಪಡು.

ನಗಬ್ಯಾಡ. ಉತ್ತರ ಕೊಡೋರು ನಗಬಾರದು.

ಹೆಸರು ಶಿವಾನಂದ, ಅದು ಆತು. ಈಗ ಏನಂದ್ರ, ಬ್ಯಾರೆ ಜಾತಿ, ಬ್ಯಾರೆ ಭಾಷಾದ ಒಬ್ಬ ಮನುಷ್ಯಾ. ಅವನ್ನ ನೀ ಎಷ್ಟು ಹತ್ರ ಬಿಟ್ಕೋತಿ? ಮೆಟ್ಟಲ ಇದ್ದಂಗ ಇದು, ಒಂದೊಂದ ಏರಿಕೋತ ಹೋಗೂದು. ನಿನ್ನ ಡಿಪಾರ್ಟ್‌ಮೆಂಟಿನಾಗ ಕೆಲಸಕ್ಕ ಬಂದ್ರ ನಡೀತೈತಿ ಅಂದಿ. ಮಗ್ಗಲ ಕ್ವಾರ್ಟರ್ಸಿಗೆ ಬಂದ್ರ? ...ಹೌದು, ಹೌದು, ನಿನ್ನ ಸರ್ವೀಸು ಪೂರಾ ತೆಲುಗಿನವರ ನಡುವನ ಹೋತು, ಅವರ ಗೋಂಗೂರಾ ಚಟ್ನಿ ಇಲ್ಲದ ನಿನಗ ಊಟಾ ಇಳಿಯೂದಿಲ್ಲ. ಗೊತ್ತೈತಿ. ಬರೇ ಹೌದು ಅನ್ನು ಸಾಕು.

ಮುಂದಿಂದು. ಅಂಥಾಂವ ನಮ್ಮ ಮನಿಗೆ ಊಟಕ್ಕ ಬಂದ... ಬರೇ ಹಾಲ್‌ನಾಗ ಕುಂದ್ರೂದಲ್ಲ ಮತ್ತ! ಅಡಗಿಮನಿಗೇ ಬಂದು, ಬಾಗಲದ ಚೌಕಟ್ಟಿಗೆ ತಲಿ ತಾಗಿಸ್ಕೊಂಡು, 'ಆಂಟಿ, ಇನ್ನೊಂದು ರೊಟ್ಟಿ' ಅಂದ್ರ?

ಎತ್ತರ ಯಾಕ ಬಂತು ಅಂದ್ರ... ಎತ್ತರನೂ ಒಂದು ವೇರಿಯೇಬಲ್ ಅಪ್ಪಾ. ಬದಲಾಗೂ ಅಂಶ. ಮನುಷ್ಯಾ ಎತ್ತರ ಇದ್ರ ಮಂದಿ ಮರ್ಯಾದಿ ಜಾಸ್ತಿ ಕೊಡ್ತಾರೋ ಇಲ್ಲೋ? ಅದನ್ನೂ ನೋಡಬೇಕು. ಭಾಳ ಶಾಸ್ತ್ರೀಯ ಐತಿ ಇದು, ನಿನಗ ತಿಳಿಯೂದಿಲ್ಲ ಬಿಡು.

ಹಾಕ್ತೀನಿ ಅಂದೀ? ರೊಟ್ಟಿ? ಎರಡು ಹಾಕ್ತಿ? ಶಾಬ್ಬಾಸ್!

ಇನ್ನ ಗೆಳೆತನ. ಅಂವ ಉಪ್ಪಲ್‌ದಾಗ ಇರ್ತಾನ ಅಂತ ಇಟ್ಕೋ. ಸರ್ವೇ ಕಂಪನ್ಯಾಗ ನೌಕರಿ. ನಿನ್ನ ಹಾಂಗ ಕ್ರಿಕೆಟ್ ಹುಚ್ಚು. ಸ್ಟೇಡಿಯಂ ಅವನ ಮನಿಯಿಂದ ನಡಕೋತ ಹೋಗೂವಷ್ಟು ಹತ್ರ. 'ಅಂಕಲ್, ಬರ್ರಿ ಮ್ಯಾಚಿಗೆ ಹೋಗೂಣು' ಅಂದ್ರ ಹೋಗ್ತೀಯೇನು? ಹರಕು ಮುರಕು ಕನ್ನಡದಾಗ ಅಂತಾನ. ಕಲಿಯಾಕತ್ತಾನ ಪಾಪ...

ಇಟ್ಕೋ ಅಂದೆ ಅಪ್ಪಾ, ಕಲ್ಪನಾ! ಕಲ್ಪನಾದ ಮನುಷ್ಯಾನೂ ಎಲ್ಲರೆ ಇರಬೇಕಲ್ಲ, ಏನರೆ ನೌಕರಿ ಮಾಡಬೇಕಲ್ಲ! ಯಾಕ ಕಣ್ಣು ಸಣ್ಣ ಮಾಡ್ತಿ?

ಬ್ಯಾರೆಯವರು ಏನಂದ್ರು ಅಂತ ಹೇಳಾಕ ಬರೂದಿಲ್ಲ, ಗುಟ್ಟಿರತೈತಿ. ಎಷ್ಟು ಮಂದೀನ ಕೇಳಿದಿ ಅಂತನೂ ಕೇಳಬ್ಯಾಡ. ಮ್ಯಾಚಿಗೆ ಹೋಗ್ತಿ ಹೌದಿಲ್ಲೋ? ...ಹೋಗ್ತಿ. ಆತು.

ಕಡೀ ಪ್ರಶ್ನಿ.

ಅಂಥಾವನ್ನ... ಅಂಥಾವನ್ನ ಅಳಿಯ ಅಂತ ಒಪ್ಕೋತೀಯೇನು? ಹೌದು, ಇಲ್ಲ, ಹೇಳಾಕ ಬರೂದಿಲ್ಲ. ಮೂರರಾಗ ಒಂದು ಹೇಳು.

ಅಪ್ಪಾ?

ಅವಸರ ಇಲ್ಲ. ವಿಚಾರ ಮಾಡು. ಉತ್ತರ ಕೊಡೋರಿಗೆ ಟೈಮ್ ಕೊಡಬೇಕು, ಅವರ ಬಾಯಾಗ ನಮ್ಮ ಮಾತು ತುರುಕಬಾರದು ಅಂತ ಕಲಿಸ್ಯಾರ ನಮಗ... ಹೌದು ಅಂದ್ರೂ ಏನ್ ತಪ್ಪಿಲ್ಲ ಮತ್ತ!

ಅಲ್ಲಾ, ಡಿಪಾರ್ಟ್‌ಮೆಂಟಿಗೆ ಹೌದು, ಓಣಿಗೆ ಹೌದು, ರೊಟ್ಟಿಗೆ ಹೌದು, ಮ್ಯಾಚಿಗೆ ಹೌದು. ಇಷ್ಟ ಮೆಟ್ಟಲ ಏರಿ ಬಾಗಲದಾಗ ಬಂದು ನಿಂತ್ರ...

ಏನ್ ನೋಡಾಕತ್ತಿ? ನನ್ನ ಕೈ? ಕೈಯಾಗ ಏನೈತಿ, ಪೆನ್ನು...

ಅಯ್ಯ. ಮುಚ್ಚಳ.

ಅದು... ಮೊದಲ ಪ್ರಶ್ನಿಯಿಂದನೂ ತಗದೇ ಇಲ್ಲ ನೋಡು! ಎಂಥಾ ಹುಚ್ಚಿ ನಾ. ನಿನ್ನ ಉತ್ತರ ಎಲ್ಲಾ ನೆನಪದಾವ, ಆಮ್ಯಾಲ ಬರಕೋತೀನಿ. ಹೌದಪ್ಪಾ, ಖರೇನ...

ಹಾಂಗ ನೋಡಬ್ಯಾಡ.

ಆತು. ಮೇಡಂ ಏನೂ ಕೇಳಿಲ್ಲ. ನನ್ನ ಸರ್ವೇ ಹೋದ ತಿಂಗಳನ ಮುಗದೈತಿ. ಈ ಪ್ರಶ್ನಿ ನಿನಗ ಒಬ್ಬವಗ ಮಾಡಿದ್ದು. ಭರತ ಅಂತ ಅವನ ಹೆಸರು, ಕಾಲೇಜಿನ್ಯಾಗ ನನ್ನ ಸೀನಿಯರ್ ಇದ್ದ. ಸೀದಾ ಬಂದು ಹೇಳಾಕ ಅಂಜಿಕಿ ಆತಪ್ಪಾ. ದಿನಾ ಹೇಳಬೇಕಂತ ಬರತಿದ್ದೆ, ನಿನ್ನ ಮಾರಿ ನೋಡಿ 'ಚಾ ಬೇಕೇನು' ಅಂತ ಕೇಳಿ ಹೋಗ್ತಿದ್ದೆ. ಇವತ್ತ ಆ ಮಂದಿ ಮುಂದ ಕುಂತು ಒಲ್ಲೆ ಅಂದ್ರ ನಿನ್ನ ಮರ್ಯಾದಿ ಹೋಗ್ತೈತಿ. ಹೂಂ ಅಂದ್ರ ನಾ ಹೋಗ್ತೀನಿ. ನೀ ಇಲ್ಲ ಅಂದ್ರೂ ನನ್ನ ಎದುರಿಗೇ ಅನ್ನು. ಬೈ ಬೇಕಾದ್ರ. ಏನರೆ ಒಂದು ಅನ್ನು...

ಫೋನು. ಅವ್ವಂದು... ಗಾಡಿ ಬಂತು ಕಾಣಸ್ತೈತಿ. ಎತ್ತಪಾ. ಎತ್ತೂದಿಲ್ಲೇನು?

ಯಾಕ ಎದ್ದಿ? ಎಲ್ಲಿ ಹೊಂಟಿ? ಅಡಗಿಮನ್ಯಾಗ ಏನೈತಿ ಈಗ? ಸಿಟ್ಟು ಬಂತೇನು ಅಪ್ಪಾ? ...ಬಾಗಲದಾಗ ಯಾಕ ನಿಂತಿ? ಕೈ ಯಾಕ ಮ್ಯಾಲ ಎತ್ತಿ, ಚೌಕಟ್ಟು ಯಾಕ ಮುಟ್ಟಾಕತ್ತಿ...

ಏ!

ಅಷ್ಟಿಲ್ಲಪ್ಪಾ! ಅಲ್ಲಿಗೆ ತಾಗೂದಿಲ್ಲ, ಸುಮ್ಮನ ಏರಿಸಿ ಹೇಳಿದ್ದೆ. ಕೈ ಸ್ವಲ್ಪ ಇಳಸು... ಇನ್ನೊಂದೀಟು... ಇನ್ನೊಂದು ಬಟ್ಟು...

ಹಾಂ. ಅಷ್ಟ. ಅಷ್ಟ ಎತ್ತರ ಅದಾನ.