ಬೆಸ ದಿನ ನಮ್ಮ ಜಗಲಿ, ಸಮ ದಿನ ಎದುರು ಜಗಲಿ

ಹೆಸರು: ದ್ರಾಕ್ಷಾಯಣಮ್ಮ ಕೋಂ ಬಸವರಾಜಪ್ಪ. ವಯಸ್ಸು: 64 ವರ್ಷ. ಕೆಲಸ: ಮನೆವಾರ್ತೆ, ಜೊತೆಗೆ ಅರಳಗುಪ್ಪೆಯ ನಮ್ಮ ತೋಟದ ಉಸ್ತುವಾರಿ. ವಾಸ: ಕೊಬ್ಬರಿಪೇಟೆ ಎರಡನೇ ಅಡ್ಡರಸ್ತೆ, ತಿಪಟೂರು. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ,

ನಮ್ಮ ಬೀದಿಯ ಅಗಲ ಹದಿನೆಂಟು ಅಡಿ. ಎರಡೂ ಬದಿಗೆ ಗಾಡಿ ನಿಲ್ಲಿಸಿ ದಿನವೂ ಜಗಳವಾಗುತ್ತಿತ್ತು. ದಿನಾಂಕ 30-09-2025ರಂದು ಸಂಜೆ 4 ಗಂಟೆಗೆ ನಮ್ಮ ಮನೆಯಿಂದ ನಲವತ್ತು ಅಡಿ ದೂರದಲ್ಲಿ ಪಾರ್ಕಿಂಗ್ ಬೋರ್ಡು ನೆಟ್ಟರು. ಬೆಸ ದಿನಾಂಕ ಎಡಬದಿ, ಸಮ ದಿನಾಂಕ ಬಲಬದಿ ಎಂದಿತ್ತು. ಯಾವ ಕಡೆಯಿಂದ ಬಂದರೆ ಎಡ ಎಂದು ಅದಕ್ಕೂ ಒಂದು ಜಗಳವಾಯಿತು. ಬೋರ್ಡು ನೆಡುತ್ತಿದ್ದವರನ್ನೇ ಕೇಳಿದಾಗ ಎಡ ಎಂದರೆ ನಮ್ಮ ಮನೆಯ ಸಾಲು ಎಂದರು.

ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ನಾನು. ತಾರೀಕು ನೋಡಿ ಗುರುತು ಇಡುವ ಕೆಲಸ ನನಗಿರಲಿ ಎಂದು ಒಪ್ಪಿಕೊಂಡೆ. ಸುಲಿದು ಜುಟ್ಟು ಬಿಟ್ಟ ಒಂದು ತೆಂಗಿನಕಾಯಿಯನ್ನು ಬೆಸ ದಿನ ನಮ್ಮ ಜಗಲಿಯ ಮೇಲೆ, ಸಮ ದಿನ ಎದುರುಮನೆ ಹೊಂಬಾಳಮ್ಮನ ಜಗಲಿಯ ಮೇಲೆ ಇಡುತ್ತಿದ್ದೆ. ಕಾಯಿ ಇದ್ದ ಕಡೆ ಗಾಡಿ. ಅಕ್ಟೋಬರ್ 31 ಮತ್ತು ನವೆಂಬರ್ 1 ಎರಡೂ ಬೆಸ. ಆ ದಿನ ನಾನು ಕಾಯಿ ಕದಲಿಸಲಿಲ್ಲ. ಹೀಗೆ ನಲವತ್ತೆಂಟು ದಿನ ಒಂದು ತಪ್ಪೂ ಆಗಲಿಲ್ಲ, ಒಂದು ಜಗಳವೂ ಆಗಲಿಲ್ಲ. ಇದರಿಂದ ನನಗೆ ಸ್ವಲ್ಪ ಜಂಬ ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ದಿನಾಂಕ 18-11-2025, ಇಂದು, ಮಂಗಳವಾರ. ಬೆಳಿಗ್ಗೆ 6:05ಕ್ಕೆ ನಾನು ಬಾಗಿಲಿಗೆ ನೀರು ಹಾಕುತ್ತಿದ್ದೆ. ಠಾಣೆಗೆ ಹೊಸದಾಗಿ ಬಂದಿರುವ ಕಾನ್‌ಸ್ಟೇಬಲ್ ರವಿಕಿರಣ್ ಎಂಬುವರು ಬಂದು ನಮ್ಮ ಬದಿಯಲ್ಲಿದ್ದ ಹತ್ತು ಗಾಡಿಗಳಿಗೂ ದಂಡದ ಚೀಟಿ ಅಂಟಿಸಿದರು. ಹತ್ತರಲ್ಲಿ ಒಂದು ನಮ್ಮದು. ಇಂದು ಹದಿನೆಂಟು, ಸಮ, ಗಾಡಿಗಳು ಎದುರು ಬದಿಯಲ್ಲಿರಬೇಕಿತ್ತು ಎಂದರು. ಹೊತ್ತೇ ಹುಟ್ಟಿಲ್ಲ, ಇನ್ನೂ ಹದಿನೇಳೇ ನಡೆಯುತ್ತಿದೆ ಎಂದೆ. ನಮ್ಮ ಮನೆಯಲ್ಲಿ ಹೊತ್ತು ಹುಟ್ಟಿ, ರಂಗೋಲಿ ಬಿಟ್ಟ ಮೇಲೆಯೇ ಕ್ಯಾಲೆಂಡರಿನ ತಾರೀಕು ಬದಲಾಗುವುದು. ತಾರೀಕು ರಾತ್ರಿ ಹನ್ನೆರಡಕ್ಕೇ ಬದಲಾಗುತ್ತದೆ ಎಂದು ಅವರು ಹೇಳಿದರು. ಆಗ ಎದ್ದಿರುವವರು ಕಳ್ಳರು ಮತ್ತು ಪೊಲೀಸರು ಮಾತ್ರ ಎಂದು ನಾನು ಹೇಳಿದ್ದು ನಿಜ. ಅದನ್ನೂ ಬರೆದುಕೊಳ್ಳಲಿ.

6:20ಕ್ಕೆ ಬೀದಿಯವರೆಲ್ಲ ಸೇರಿ ಗಾಡಿಗಳನ್ನು ಎದುರು ಬದಿಗೆ ಸರಿಸಿದರು. ಗೂಡ್ಸ್ ಆಟೋ ಇಟ್ಟಿರುವ ಶಿವರಾಜು ಚೀಟಿ ಹಿಡಿದುಕೊಂಡು, "ಏನ್ ದೊಡ್ಡಮ್ಮ, ನಿನ್ ಕಾಯಿ ನಂಬ್ಕಂಡು ಹಿಂಗಾಯ್ತಲ್ಲ! ಇನ್ಮ್ಯಾಕೆ ನಿನ್ ಜಗಲಿ ಕಡೆ ತಲೆ ಹಾಕಿನೂ ಮಲಗಾಕಿಲ್ಲ ಕಣ್ ಬುಡು" ಎಂದನು. ಹೊಂಬಾಳಮ್ಮ ತನ್ನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನನಗೆ ಅದೇ ಹೆಚ್ಚು ನೋವಾಯಿತು. ನಾನು ಕಾಯಿಯನ್ನು ಒಳಗೆ ತೆಗೆದುಕೊಂಡು ಹೋಗಿ ಅಕ್ಕಿ ಡಬ್ಬದ ಹಿಂದೆ ಇಟ್ಟೆ. ನನ್ನ ಯಜಮಾನರು ತಿಂಡಿಗೆ ಕರೆದರೂ ಹೋಗಲಿಲ್ಲ.

9:15ಕ್ಕೆ ಠಾಣೆಗೆ ಬಂದು ಸಬ್ ಇನ್ಸ್‌ಪೆಕ್ಟರ್ ಸಾಹೇಬರನ್ನು ಕಂಡೆ. ತಪ್ಪು ನನ್ನ ಲೆಕ್ಕದ್ದು, ಹತ್ತು ಚೀಟಿಯನ್ನೂ ನನ್ನ ಹೆಸರಿಗೇ ಬರೆಯಿರಿ, ಬೀದಿಯವರನ್ನು ಬಿಟ್ಟುಬಿಡಿ ಎಂದು ಕೇಳಿಕೊಂಡೆ. ಅವರು ಪಾರ್ಕಿಂಗ್ ಆದೇಶದ ಪ್ರತಿ ತರಿಸಿ ಓದಿದರು. ಮತ್ತೊಮ್ಮೆ ಓದಿದರು. ಬೋರ್ಡಿನಲ್ಲಿ ಮೂರನೇ ಸಾಲು ಇರಲಿಲ್ಲವೇ ಎಂದು ರವಿಕಿರಣ್ ಅವರನ್ನು ಕೇಳಿದರು. ಅಲ್ಲಿ ವಿಭೂತಿ ಇತ್ತು ಸಾರ್ ಎಂದು ಅವರು ಹೇಳಿದರು.

ವಿಭೂತಿ ಹಚ್ಚಿದವಳು ನಾನೇ. ಬೋರ್ಡು ನೆಟ್ಟ ಮಾರನೆಯ ದಿನ ಆಯುಧಪೂಜೆ. ಎಲ್ಲರೂ ಗಾಡಿಗಳಿಗೆ ಪೂಜೆ ಮಾಡುತ್ತಿದ್ದರು. ಬೀದಿಯ ಜಗಳ ನಿಲ್ಲಿಸಿದ ಬೋರ್ಡಿಗೂ ಪೂಜೆ ಆಗಲಿ ಎಂದು ನನ್ನ ಕೈಗೆಟುಕಿದ ಕೆಳಭಾಗಕ್ಕೆ ಮೂರು ಬೆರಳಿನಿಂದ ದಪ್ಪಗೆ ಎಳೆದೆ. ಆಮೇಲೆ ಪ್ರತಿ ಸೋಮವಾರ ಹೊಸದಾಗಿ ಹಚ್ಚುತ್ತಿದ್ದೆ. ನಿನ್ನೆಯೂ ಸೋಮವಾರ.

10:30ಕ್ಕೆ ಸಾಹೇಬರು, ರವಿಕಿರಣ್ ಮತ್ತು ನಾನು ಬೋರ್ಡಿನ ಬಳಿಗೆ ಹೋದೆವು. ಬೀದಿಯವರು ಸುತ್ತ ನಿಂತರು. ನಾನೇ ಸೆರಗನ್ನು ನೀರಿನಲ್ಲಿ ಅದ್ದಿ ಒರೆಸಿದೆ. ಬೆಳಿಗ್ಗೆ 8 ಗಂಟೆಯಿಂದ ರಾತ್ರಿ 8 ಗಂಟೆಯವರೆಗೆ ಮಾತ್ರ ಎಂಬ ಸಾಲು ಕಂಡಿತು. ಬೋರ್ಡು ನೆಟ್ಟ ದಿನ ಎಡಬಲದ ಜಗಳದಲ್ಲಿ ಅದನ್ನು ಯಾರೂ ಓದಿರಲಿಲ್ಲ. ಶಿವರಾಜು ಅದನ್ನು ಗಟ್ಟಿಯಾಗಿ ಓದಿದನು. 6:05ಕ್ಕೆ ಗಾಡಿ ಯಾವ ಬದಿಯಲ್ಲಿದ್ದರೂ ತಪ್ಪಿಲ್ಲ ಎಂದು ಸಾಹೇಬರು ಹೇಳಿದರು. ಹತ್ತೂ ಚೀಟಿಗಳನ್ನು ವಾಪಸು ಪಡೆದರು. ರವಿಕಿರಣ್ ನಗುತ್ತಾ, ತಮ್ಮ ತಾಯಿಯೂ ಹೊತ್ತು ಹುಟ್ಟದೆ ಕ್ಯಾಲೆಂಡರಿನ ಹಾಳೆ ಹರಿಯುವುದಿಲ್ಲ ಎಂದರು. ಹೊಂಬಾಳಮ್ಮ ಎಲ್ಲರಿಗೂ ಕಾಫಿ ತಂದಳು. ನನಗೆ ಮೊದಲು ಕೊಟ್ಟಳು.

ಸರ್ಕಾರಿ ಬೋರ್ಡಿನ ಅಕ್ಷರ ಮುಚ್ಚಿದ್ದು ನನ್ನ ತಪ್ಪು. ಅದಕ್ಕಾಗಿಯೇ ಮತ್ತೆ ಠಾಣೆಗೆ ಬಂದು ಈ ಹೇಳಿಕೆ ಬರೆಸಿದ್ದೇನೆ. ಇನ್ನು ಮುಂದೆ ವಿಭೂತಿಯನ್ನು ಕಂಬಕ್ಕೆ ಮಾತ್ರ ಹಚ್ಚುತ್ತೇನೆ. ನಾನು ಠಾಣೆಗೆ ಹೊರಟಾಗ ಶಿವರಾಜು ಹಿಂದೆಯೇ ಬಂದು, ನೆಲ ನೋಡಿಕೊಂಡು, "ದೊಡ್ಡಮ್ಮ, ನಾಳಿಕೆ ಕಾಯಿ ಯಾವ್ ಕಡೀಕೆ?" ಎಂದು ಕೇಳಿದನು. ನಾಳೆ ಹತ್ತೊಂಬತ್ತು, ಬೆಸ. ಕಾಯಿ ನಮ್ಮ ಜಗಲಿಯ ಮೇಲಿರುತ್ತದೆ ಎಂದೆ.

ಇದರಲ್ಲಿರುವುದೆಲ್ಲ ನಾನೇ ಕಂಡಿದ್ದು, ನಾನೇ ಮಾಡಿದ್ದು. ಬರೆದುಕೊಂಡವರು ಓದಿ ಹೇಳಿದರು, ನಾನು ಹೇಳಿದಂತೆಯೇ ಇದೆ.

ಸ್ಥಳ: ತಿಪಟೂರು
ದಿನಾಂಕ: 18-11-2025, ಬೆಳಿಗ್ಗೆ 11:40, ಹೊತ್ತು ಹುಟ್ಟಿದ ಮೇಲೆ
ಸಹಿ: ದ್ರಾಕ್ಷಾಯಣಮ್ಮ